ಆಫ್ಟರ್ ಎಫೆಕ್ಟ್ಸ್ ರೆಡಿಮೇಡ್ ಟೆಂಪ್ಲೇಟ್: ಕನ್ನಡ ಹಾಕುವವರೆಗೂ ಎಲ್ಲ ಸಲೀಸು

ಮೊದಲೇ ಹೇಳಿಬಿಡುತ್ತೇನೆ. ರೆಡಿಮೇಡ್ ಟೆಂಪ್ಲೇಟ್ ತೆಗೆದುಕೊಂಡು ಅದರಲ್ಲಿ ಹೆಸರು, ಫೋಟೋ, ಬಣ್ಣ ಬದಲಿಸಿಕೊಳ್ಳುವುದು ಮೋಷನ್ ಗ್ರಾಫಿಕ್ಸ್‌ಗೆ (ಅಕ್ಷರ, ಚಿತ್ರಗಳಿಗೆ ಚಲನೆ ಕೊಡುವ ಕೆಲಸ) ಹೊಸಬರಾದವರಿಗೆ ಒಳ್ಳೆಯ ದಾರಿ. ಖಾಲಿ ಪರದೆಯಿಂದ ಶುರು ಮಾಡಿ ಒಂದು ಚೆಂದದ ಟೈಟಲ್ ಮಾಡುವಷ್ಟರಲ್ಲಿ ಅರ್ಧ ಜನ ಸಾಫ್ಟ್‌ವೇರ್ ಮುಚ್ಚಿ ಎದ್ದು ಹೋಗಿರುತ್ತಾರೆ. ಟೆಂಪ್ಲೇಟ್ ಹಾಗಲ್ಲ, ಸಂಜೆಯೊಳಗೆ ಏನೋ ಒಂದು ಕೈಗೆ ಸಿಗುತ್ತದೆ. ಆದರೆ ಈ ಮಾತು ಇಂಗ್ಲಿಷ್ ಅಕ್ಷರಕ್ಕೆ ಮಾತ್ರ. ಕನ್ನಡ ಹಾಕಬೇಕು ಅಂದ ಕೂಡಲೇ ಕಥೆಯೇ ಬೇರೆ. ಈ ವಿಮರ್ಶೆಯಲ್ಲಿ ನಾನು ಜಾಸ್ತಿ ಮಾತಾಡುವುದು ಅದರ ಬಗ್ಗೆಯೇ, ಯಾಕಂದರೆ ಟೆಂಪ್ಲೇಟ್ ಮಾರುವವರು ಅದನ್ನು ಹೇಳುವುದಿಲ್ಲ, ಪಾಠ ಮಾಡುವವರಲ್ಲೂ ಹೇಳುವವರು ಕಡಿಮೆ.

ನಾನು ಬಳಸುವುದು ಅಡೋಬಿ ಕಂಪನಿಯ ಆಫ್ಟರ್ ಎಫೆಕ್ಟ್ಸ್, ಅಂದರೆ ಅನಿಮೇಷನ್ ಮಾಡುವ ಸಾಫ್ಟ್‌ವೇರ್, ಜೊತೆಗೆ ವಿಡಿಯೋ ಕತ್ತರಿಸಿ ಜೋಡಿಸುವ ಪ್ರೀಮಿಯರ್ ಪ್ರೊ. ಕೆಲಸ ಅಂದರೆ ಮದುವೆ ವಿಡಿಯೋ, ವಾಟ್ಸಾಪ್ ಆಮಂತ್ರಣ, ಶಾಲೆ ವಾರ್ಷಿಕೋತ್ಸವ, ಊರಿನ ಒಂದೆರಡು ಯೂಟ್ಯೂಬ್ ಚಾನೆಲ್‌ಗಳ ಹೆಸರು ಪಟ್ಟಿ (ಮಾತಾಡುವವರ ಹೆಸರು, ಹುದ್ದೆ ತೋರಿಸುವ ಪಟ್ಟೆ), ಇಷ್ಟೇ. ಸಿನಿಮಾ ಕೆಲಸ ಅಲ್ಲ. ಆಫ್ಟರ್ ಎಫೆಕ್ಟ್ಸ್ ಹಳೆಯ ಸಾಫ್ಟ್‌ವೇರ್. 1993ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಿನ ಕೋಸಾ ಅನ್ನುವ ಸಣ್ಣ ಕಂಪನಿ ಹೊರತಂದದ್ದು. ಅದೇ ವರ್ಷ ಆಲ್ಡಸ್ ಕಂಪನಿ ಅದನ್ನು ಕೊಂಡಿತು, 1994ರಲ್ಲಿ ಆಲ್ಡಸ್ಸನ್ನೇ ಅಡೋಬಿ ಕೊಂಡಿತು. ಮೂವತ್ತು ವರ್ಷ ಮೀರಿದ ಸಾಫ್ಟ್‌ವೇರ್ ಆದ್ದರಿಂದ ಒಂದೇ ಕೆಲಸಕ್ಕೆ ನಾಲ್ಕು ದಾರಿ ಇರುತ್ತವೆ, ನಾಲ್ಕೂ ಬೇರೆ ಬೇರೆ ಮೆನುವಿನಲ್ಲಿ ಅಡಗಿ ಕೂತಿರುತ್ತವೆ. ಹೊಸಬರಿಗೆ ಭಯ ಆಗುವುದು ಅಲ್ಲೇ.

ಟೆಂಪ್ಲೇಟ್‌ಗಳು ಎರಡು ರೂಪದಲ್ಲಿ ಸಿಗುತ್ತವೆ. ಒಂದು, ಆಫ್ಟರ್ ಎಫೆಕ್ಟ್ಸ್‌ನ ಪೂರ್ತಿ ಪ್ರಾಜೆಕ್ಟ್ ಫೈಲ್. ಇನ್ನೊಂದು, ಮೋಗರ್ಟ್, ಅಂದರೆ ಮೋಷನ್ ಗ್ರಾಫಿಕ್ಸ್ ಟೆಂಪ್ಲೇಟ್ ಅನ್ನುವ ಫೈಲ್. 2017ರಲ್ಲಿ ಎಸೆನ್ಷಿಯಲ್ ಗ್ರಾಫಿಕ್ಸ್ ಅನ್ನುವ ಪ್ಯಾನೆಲ್ ಜೊತೆ ಬಂದದ್ದು ಇದು. ಮೋಗರ್ಟ್ ಮಾಡಿದವರು ಒಳಗಿನ ಸಾವಿರ ಗುಂಡಿಗಳಲ್ಲಿ ಯಾವ ಹತ್ತನ್ನು ನಿಮಗೆ ಕೊಡಬೇಕು ಅಂತ ಮೊದಲೇ ಆರಿಸಿಟ್ಟಿರುತ್ತಾರೆ, ನೀವು ಪ್ರೀಮಿಯರ್‌ನಲ್ಲಿ ಕೂತು ಆ ಹತ್ತನ್ನು ಮಾತ್ರ ತಿರುಗಿಸಬಹುದು. ಬಾಡಿಗೆ ಮನೆ ಇದ್ದ ಹಾಗೆ, ಪರದೆ ಬದಲಿಸಬಹುದು, ಗೋಡೆಗೆ ಮೊಳೆ ಹೊಡೆಯಬೇಕು ಅಂದರೆ ಮಾಲೀಕರ ಅಪ್ಪಣೆ ಬೇಕು.

ಮೋಗರ್ಟ್‌ನಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. ಆಫ್ಟರ್ ಎಫೆಕ್ಟ್ಸ್ ತೆರೆಯುವ ಅಗತ್ಯವೇ ಇಲ್ಲ. ಪ್ರೀಮಿಯರ್‌ನ ಗ್ರಾಫಿಕ್ಸ್ ಮೆನುವಿಗೆ ಹೋಗಿ ಫೈಲ್ ಇನ್‌ಸ್ಟಾಲ್ ಮಾಡಿ, ಪ್ಯಾನೆಲ್‌ನಿಂದ ಎಳೆದು ಟೈಮ್‌ಲೈನ್ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಜಾಗ) ಮೇಲೆ ಬಿಡಿ, ಕ್ಲಿಕ್ ಮಾಡಿದರೆ ಬಲಗಡೆ ಹೆಸರಿನ ಜಾಗ, ಬಣ್ಣದ ಚೌಕ, ಸೈಜಿನ ಸ್ಲೈಡರ್ ಎಲ್ಲ ಸಾಲಾಗಿ ಬರುತ್ತವೆ. ಹಳೆಯ ಪಾಠಗಳಲ್ಲಿ ಇದೆಲ್ಲ ಎಸೆನ್ಷಿಯಲ್ ಗ್ರಾಫಿಕ್ಸ್ ಪ್ಯಾನೆಲ್‌ನಲ್ಲಿ ಕಾಣಿಸುತ್ತದೆ, ಈಗಿನ ಆವೃತ್ತಿಗಳಲ್ಲಿ ತಿದ್ದುವ ಭಾಗ ಪ್ರಾಪರ್ಟೀಸ್ ಪ್ಯಾನೆಲ್‌ಗೆ ಹೋಗಿದೆ. ನಿಮ್ಮ ಪರದೆಯಲ್ಲಿ ಕಾಣಿಸಲಿಲ್ಲ ಅಂತ ಗಾಬರಿ ಬೇಡ.

ಇದರಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಸಮಯದ ವಿಷಯ. ಒಳ್ಳೆಯ ಮೋಗರ್ಟ್‌ನಲ್ಲಿ ಶುರುವಿನ ಅನಿಮೇಷನ್ನೂ ಕೊನೆಯ ಅನಿಮೇಷನ್ನೂ ರಕ್ಷಿತ ಭಾಗ ಅಂತ ಗುರುತು ಮಾಡಿರುತ್ತಾರೆ. ಕ್ಲಿಪ್ಪಿನ ತುದಿ ಹಿಡಿದು ಎಳೆದರೆ ನಡುವಿನ ನಿಂತ ಭಾಗ ಮಾತ್ರ ಉದ್ದವಾಗುತ್ತದೆ, ಬರುವ ಹೋಗುವ ವೇಗ ಹಾಗೇ ಉಳಿಯುತ್ತದೆ. ನಮಗಂತೂ ಇದು ವರ. "ಶ್ರೀಯುತರು, ಮಾಜಿ ಅಧ್ಯಕ್ಷರು, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ನಿಯಮಿತ" ಅಂತ ಒಬ್ಬರ ಪರಿಚಯ ಓದಿ ಮುಗಿಸಲು ಎರಡು ಸೆಕೆಂಡ್ ಸಾಕಾಗುತ್ತಾ? ಇಂಗ್ಲಿಷ್ ಟೆಂಪ್ಲೇಟ್ ಮಾಡಿದವನ ತಲೆಯಲ್ಲಿ ಇದ್ದದ್ದು ಎರಡು ಪದದ ಹೆಸರು, ಒಂದು ಪದದ ಹುದ್ದೆ. ಅಷ್ಟೇ.

ಈಗ ತಕರಾರಿಗೆ ಬರುತ್ತೇನೆ. ಮೋಗರ್ಟ್ ಮಾಡುವವರು ಅಕ್ಷರದ ಲೇಯರ್ (ಪದರ) ಸೇರಿಸುವಾಗ ಫಾಂಟ್ ಬದಲಿಸಲು ಅವಕಾಶ ಕೊಡಬೇಕಾ ಅಂತ ಒಂದು ಟಿಕ್ ಹಾಕಬೇಕಾಗುತ್ತದೆ. ಅದನ್ನು ಹಾಕದೆ ಬಿಟ್ಟವರು ಎಷ್ಟೋ ಜನ. ಇಂಗ್ಲಿಷ್‌ನವರಿಗೆ ಅದು ದೊಡ್ಡ ವಿಷಯ ಅಲ್ಲ, ಫಾಂಟ್ ಹೇಗೂ ಚೆನ್ನಾಗಿದೆ, ಹಾಗೇ ನಡೆಯುತ್ತದೆ. ನಮಗೆ ಆ ಒಂದು ಟಿಕ್ ಇಲ್ಲದಿದ್ದರೆ ಇಡೀ ಟೆಂಪ್ಲೇಟೇ ದಂಡ. ಆ ಇಂಗ್ಲಿಷ್ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ, ಹೆಸರು ಪೇಸ್ಟ್ ಮಾಡಿದರೆ ಚೌಕಾಕಾರದ ಡಬ್ಬಿಗಳು ಬರುತ್ತವೆ, ಇಲ್ಲವಾದರೆ ಸಾಫ್ಟ್‌ವೇರ್ ತನಗೆ ತೋಚಿದ ಯಾವುದೋ ಫಾಂಟ್ ಹಾಕಿ ಕೈ ತೊಳೆದುಕೊಳ್ಳುತ್ತದೆ. ನಾನು ಒಬ್ಬ ಮಾರಾಟಗಾರನಿಂದ ತಗೊಂಡ ಹೆಸರು ಪಟ್ಟಿಗಳ ಕಟ್ಟೊಂದು ಹೀಗೇ ಆಯಿತು. ಪುಟದಲ್ಲಿ "ಪೂರ್ತಿ ತಿದ್ದಬಹುದು" ಅಂತ ಇತ್ತು. ತಿದ್ದಬಹುದಾಗಿದ್ದದ್ದು ಬಣ್ಣ ಮತ್ತು ಸೈಜು. ಕೇಳಿದ್ದಕ್ಕೆ, ಆಫ್ಟರ್ ಎಫೆಕ್ಟ್ಸ್‌ನಲ್ಲಿ ತೆರೆದು ಸರಿ ಮಾಡಿಕೊಳ್ಳಿ ಅಂದರು. ಅಲ್ಲಾ ಸ್ವಾಮಿ, ಆಫ್ಟರ್ ಎಫೆಕ್ಟ್ಸ್ ಬೇಡ ಅಂತಲೇ ಅಲ್ವಾ ಮೋಗರ್ಟ್ ಕೊಂಡದ್ದು?

ಆದರೂ ಅವರು ಹೇಳಿದ್ದು ಸುಳ್ಳಲ್ಲ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ತಯಾರಾದ ಮೋಗರ್ಟ್ ಆದರೆ ಅದನ್ನು ಅಲ್ಲೇ ಪ್ರಾಜೆಕ್ಟ್ ಥರ ತೆರೆಯಬಹುದು. ಯಾವ ಫೋಲ್ಡರ್‌ನಲ್ಲಿ ಬಿಚ್ಚಿಡಲಿ ಅಂತ ಕೇಳುತ್ತದೆ, ತೋರಿಸಿ. ಆಮೇಲೆ ಎಸೆನ್ಷಿಯಲ್ ಗ್ರಾಫಿಕ್ಸ್ ಪ್ಯಾನೆಲ್‌ನಲ್ಲಿ ಅಕ್ಷರದ ಸಾಲಿನ ಪಕ್ಕದ ಎಡಿಟ್ ಪ್ರಾಪರ್ಟೀಸ್ ಒತ್ತಿ, ಫಾಂಟ್ ಆಯ್ಕೆಗೂ ಸೈಜಿಗೂ ಟಿಕ್ ಹಾಕಿ, ಬೇರೆ ಹೆಸರಿನಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಕೆಲಸ ಕಷ್ಟದ್ದಲ್ಲ. ಕೊಳ್ಳುವ ಮುಂಚೆ ಗೊತ್ತಿರಬೇಕು, ಅಷ್ಟೇ. ಮಾರಾಟದ ಪುಟದಲ್ಲಿ "ಫಾಂಟ್ ಬದಲಿಸಬಹುದು" ಅಂತ ಬಾಯಿಬಿಟ್ಟು ಬರೆದಿದೆಯಾ ನೋಡಿ. ಬರೆದಿಲ್ಲವಾದರೆ ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿ.

ಫಾಂಟ್ ಸಿಕ್ಕಿತು ಅಂದುಕೊಳ್ಳಿ. ಇನ್ನೂ ಮುಗಿದಿಲ್ಲ. ಟೆಕ್ಸ್ಟ್ ಎಂಜಿನ್ ಅಂತ ಒಂದಿದೆ, ಅಕ್ಷರ ಒತ್ತು ಸೇರಿಸಿ ಪರದೆ ಮೇಲೆ ಮೂಡಿಸುವುದು ಅದರ ಕೆಲಸ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್. ಅಲ್ಲಿ ಲ್ಯಾಟಿನ್ ಅಂತ ಇದ್ದರೆ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಅಂತ ಬದಲಿಸಿ. ನಿಮ್ಮ ಆವೃತ್ತಿಯಲ್ಲಿ ಆ ಆಯ್ಕೆ ಕಾಣದಿದ್ದರೆ ನೇರವಾಗಿ ಒಂದು ಪದ ಹಾಕಿ ಪರೀಕ್ಷೆ ಮಾಡಿ. ನಾನು ಹಾಕುವುದು "ಸ್ತ್ರೀ", "ಕರ್ನಾಟಕ", "ಲಕ್ಷ್ಮೀ", ಈ ಮೂರು. ಸ್ತ್ರೀಯಲ್ಲಿ ಒತ್ತಿನ ಕೆಳಗೆ ಒತ್ತು, ಕರ್ನಾಟಕದಲ್ಲಿ ಅರ್ಕಾವೊತ್ತು, ಲಕ್ಷ್ಮಿಯಲ್ಲಿ ಕ್ಷ ಜೊತೆ ಮ ಒತ್ತು. ಈ ಮೂರೂ ಸರಿಯಾಗಿ ಕೂತರೆ ಮಿಕ್ಕಿದ್ದೆಲ್ಲ ಕೂರುತ್ತದೆ. ಅರ್ಧ ಅಕ್ಷರ ಪಕ್ಕದಲ್ಲಿ ಬಿದ್ದಿದ್ದರೆ ಎಂಜಿನ್ ಇನ್ನೂ ಬದಲಾಗಿಲ್ಲ ಅಂತ ಅರ್ಥ. ಟೆಂಪ್ಲೇಟಿನ ಹಳೆಯ ಲೇಯರ್‌ನಲ್ಲಿ ಸರಿಯಾಗದಿದ್ದರೆ ಹೊಸ ಟೆಕ್ಸ್ಟ್ ಲೇಯರ್ ಹಾಕಿ ನೋಡಿ. ಮತ್ತೆ, ಆಫ್ಟರ್ ಎಫೆಕ್ಟ್ಸ್ ಒಳಗೇ ಕೂತು ಕನ್ನಡ ಟೈಪ್ ಮಾಡುವ ಗೋಜಿಗೆ ಹೋಗಬೇಡಿ, ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ ಕಾಗುಣಿತ ನೋಡಿಕೊಂಡು ಪೇಸ್ಟ್ ಮಾಡಿ. ಮದುವೆ ಮನೆಯವರು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನೇ ಪೇಸ್ಟ್ ಮಾಡಿದರೆ ಇನ್ನೂ ಒಳ್ಳೆಯದು, ಹೆಸರು ತಪ್ಪಾದರೆ ಬೈಗುಳ ನಮಗೆ ಬರುವುದಿಲ್ಲ.

ಈಗ ಅಸಲಿ ಮಜಾ. ಅಕ್ಷರ ಒಂದೊಂದಾಗಿ ಮೂಡುವ ಅನಿಮೇಷನ್ ಇಲ್ಲದ ಟೆಂಪ್ಲೇಟ್ ಹುಡುಕುವುದೇ ಕಷ್ಟ. ಇಂಗ್ಲಿಷ್‌ನಲ್ಲಿ ಅದು ನೋಡಲು ಚೆಂದ. ಕನ್ನಡದಲ್ಲಿ? ಟೈಪ್‌ರೈಟರ್ ಥರದ್ದನ್ನೇ ತೆಗೆದುಕೊಳ್ಳಿ. ಅದರ ಹಿಂದೆ ಎಷ್ಟೋ ಸಲ ಇರುವುದು ಒಂದು ಚಿಕ್ಕ ಎಕ್ಸ್‌ಪ್ರೆಶನ್ (ಲೇಯರ್‌ಗೆ ಬರೆದ ಕೋಡ್ ಸಾಲು), ವಾಕ್ಯವನ್ನು ಮೊದಲಿಂದ ಇಷ್ಟು ಅಕ್ಷರ ಅಂತ ಕತ್ತರಿಸಿ ತೋರಿಸುತ್ತಾ ಹೋಗುವುದು ಅದರ ಕೆಲಸ. ಕಂಪ್ಯೂಟರ್ ಲೆಕ್ಕದಲ್ಲಿ "ಸ್ತ್ರೀ" ಒಂದು ಅಕ್ಷರ ಅಲ್ಲ, ಆರು. ಹಾಗಾಗಿ ಪರದೆ ಮೇಲೆ ಮೊದಲು ಸ, ಆಮೇಲೆ ಸ್, ಆಮೇಲೆ ಸ್ತ, ಸ್ತ್, ಸ್ತ್ರ, ಕೊನೆಗೆ ಸ್ತ್ರೀ ಅಂತ ಕುಣಿಯುತ್ತಾ ಬರುತ್ತದೆ. ಒಂದು ಪದ ಆದರೆ ತಮಾಷೆಯಾಗಿರುತ್ತದೆ. ಇಡೀ ಆಮಂತ್ರಣ ಹೀಗೆ ಕುಣಿದರೆ ನೋಡುವವರಿಗೆ ತಲೆ ತಿರುಗುತ್ತದೆ. ಇನ್ನು ಅಕ್ಷರ ಹಾರಿ ಬರುವಂಥವು, ಅಂದರೆ ಟೆಕ್ಸ್ಟ್ ಅನಿಮೇಟರ್ ಹಾಕಿದಂಥವುಗಳಲ್ಲಿ ಒತ್ತು ಒಂದು ದಿಕ್ಕಿಂದ, ಅಕ್ಷರ ಇನ್ನೊಂದು ದಿಕ್ಕಿಂದ ಬರುವ ಸಾಧ್ಯತೆ ಇದೆ.

ಇದಕ್ಕೆ ಮದ್ದು ಇದೆ, ಆಫ್ಟರ್ ಎಫೆಕ್ಟ್ಸ್ ಇದ್ದರೆ. ಟೆಕ್ಸ್ಟ್ ಲೇಯರ್ ಬಿಚ್ಚಿ, ಅನಿಮೇಟರ್, ಅದರೊಳಗೆ ರೇಂಜ್ ಸೆಲೆಕ್ಟರ್, ಅದರೊಳಗೆ ಅಡ್ವಾನ್ಸ್ಡ್. ಅಲ್ಲಿ ಬೇಸ್ಡ್ ಆನ್ ಅನ್ನುವ ಸಾಲು ಇರುತ್ತದೆ. ಕ್ಯಾರೆಕ್ಟರ್ಸ್ ಅಂತ ಇದ್ದದ್ದನ್ನು ವರ್ಡ್ಸ್ ಮಾಡಿ. ಪದ ಪದವಾಗಿ ಬರುತ್ತದೆ, ಒತ್ತು ತನ್ನ ಅಕ್ಷರದ ಜೊತೆಯಲ್ಲೇ ಇರುತ್ತದೆ, ಟೆಂಪ್ಲೇಟಿನ ಲಯವೂ ಹೆಚ್ಚು ಕಡಿಮೆ ಉಳಿಯುತ್ತದೆ. ಒಂದೇ ಪದದ ಹೆಸರಾದರೆ ಇಡೀ ಹೆಸರು ಒಟ್ಟಿಗೆ ಬರುತ್ತದೆ, ಬರಲಿ ಬಿಡಿ. ಎಕ್ಸ್‌ಪ್ರೆಶನ್ ಟೈಪ್‌ರೈಟರ್ ಆದರೆ ಅದನ್ನು ತೆಗೆದುಹಾಕಿ ಎಡದಿಂದ ಬಲಕ್ಕೆ ಒಂದು ಮಾಸ್ಕ್ (ತನ್ನ ಒಳಗಿದ್ದದ್ದನ್ನು ಮಾತ್ರ ತೋರಿಸುವ ಚೌಕಟ್ಟು) ಎಳೆದುಬಿಡಿ. ನನ್ನ ಕಣ್ಣಿಗೆ ಕನ್ನಡಕ್ಕೆ ಅದೇ ಚೆಂದ, ಕೈಯಲ್ಲಿ ಬರೆದ ಹಾಗೆ ಕಾಣುತ್ತದೆ.

ಮಾಸ್ಕ್ ಅಂದಾಗ ನೆನಪಾಯಿತು. ಗೆರೆಯ ಹಿಂದಿನಿಂದ ಹೆಸರು ಮೇಲೆದ್ದು ಬರುವ ಟೈಟಲ್ ನೋಡಿರುತ್ತೀರಿ. ಅದರ ಹಿಂದೆ ಕಣ್ಣಿಗೆ ಕಾಣದ ಒಂದು ಚೌಕ ಇರುತ್ತದೆ, ಮ್ಯಾಟ್ ಅಂತಾರೆ, ಅದರ ಒಳಗಿದ್ದದ್ದು ಮಾತ್ರ ಕಾಣುತ್ತದೆ. ಆ ಚೌಕದ ಎತ್ತರ ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕದಲ್ಲಿ ಇರುತ್ತದೆ. ದೊಡ್ಡಕ್ಷರಗಳು ಹೆಚ್ಚಾಗಿ ಗೆರೆಯ ಕೆಳಗೆ ಇಳಿಯುವುದಿಲ್ಲವಲ್ಲ. ನಮ್ಮ "ಕೃಷ್ಣಪ್ಪ" ಹಾಕಿ ನೋಡಿ. ಕೃ ಕೆಳಗಿನ ಸುತ್ತು, ಷ್ಣದ ಒತ್ತು, ಪ್ಪದ ಒತ್ತು ಮೂರೂ ನೀಟಾಗಿ ಕತ್ತರಿಸಿ ಹೋಗಿ ಪರದೆ ಮೇಲೆ "ಕಷಪ" ಉಳಿಯುತ್ತದೆ. ಯಾರಿಗಾದರೂ ಸಿಟ್ಟು ಬರುತ್ತದೆ. ಪ್ರೀಕಾಂಪ್ (ಒಂದೇ ಲೇಯರ್ ಥರ ಒಳಗೆ ಕೂರಿಸಿದ ಇನ್ನೊಂದು ದೃಶ್ಯ) ಒಳಗೆ ಹೋಗಿ ಆ ಮ್ಯಾಟ್ ಚೌಕವನ್ನು ಕೆಳಗೆ ಎಳೆಯಬೇಕು, ಎಳೆದ ಮೇಲೆ ಅಕ್ಷರ ಹೊರಡುವ ಜಾಗವನ್ನೂ ಅಷ್ಟೇ ಕೆಳಗೆ ಇಳಿಸಬೇಕು, ಇಲ್ಲವಾದರೆ ಅನಿಮೇಷನ್ ಶುರುವಾಗುವ ಮುಂಚೆಯೇ ಅಕ್ಷರದ ತಲೆ ಇಣುಕುತ್ತದೆ. ಮೋಗರ್ಟ್ ಆಗಿದ್ದರೆ ಇದು ಪ್ರೀಮಿಯರ್‌ನಲ್ಲಿ ಆಗುವುದಿಲ್ಲ, ಅಕ್ಷರ ಸಣ್ಣ ಮಾಡಿ ಒಳಗೆ ಕೂರಿಸುವುದೊಂದೇ ದಾರಿ.

ಅಕ್ಷರದ ಹಿಂದೆ ತಾನಾಗಿ ಹಿಗ್ಗುವ ಬಣ್ಣದ ಪಟ್ಟಿ ಇರುವ ಟೆಂಪ್ಲೇಟ್ ಸಿಕ್ಕರೆ ಅದನ್ನೇ ಆರಿಸಿ. ಸೋರ್ಸ್ ರೆಕ್ಟ್ ಅಟ್ ಟೈಮ್ ಅನ್ನುವ ಎಕ್ಸ್‌ಪ್ರೆಶನ್ ಅಕ್ಷರದ ಅಗಲ ಎತ್ತರ ಅಳೆದು ಪಟ್ಟಿಯನ್ನು ಹೊಂದಿಸುತ್ತದೆ. ಒಂದೇ ತೊಂದರೆ, ಒತ್ತಿರುವ ಹೆಸರಿಗೆ ಪಟ್ಟಿ ಎತ್ತರ, ಒತ್ತಿಲ್ಲದ ಹೆಸರಿಗೆ ಗಿಡ್ಡ. "ರಮೇಶ" ಮತ್ತು "ಕೃಷ್ಣಪ್ಪ" ಒಂದೇ ವಿಡಿಯೋದಲ್ಲಿ ಬಂದರೆ ಪಟ್ಟಿ ಬೇರೆ ಬೇರೆ ಎತ್ತರ ಕಾಣುತ್ತದೆ. ಎತ್ತರಕ್ಕೆ ಬೇರೆ ಸ್ಲೈಡರ್ ಕೊಟ್ಟಿದ್ದರೆ ಬಚಾವ್.

ಟ್ರ್ಯಾಕಿಂಗ್ ಸೊನ್ನೆ ಮಾಡಿ. ಅಕ್ಷರ ದೂರ ದೂರ ಇಡುವುದು ಇಂಗ್ಲಿಷ್ ಟೈಟಲ್‌ಗಳ ಫ್ಯಾಷನ್, ಕನ್ನಡಕ್ಕೆ ಹಾಕಿದರೆ ಪದ ಬಿಡಿಬಿಡಿಯಾಗಿ ಓದಲು ಬರುವುದಿಲ್ಲ. ಎರಡು ಸಾಲು ಇದ್ದರೆ ಲೀಡಿಂಗ್ (ಸಾಲುಗಳ ನಡುವಿನ ಅಂತರ) ಜಾಸ್ತಿ ಮಾಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಫಾಕ್ಸ್ ಬೋಲ್ಡ್ (ಸಾಫ್ಟ್‌ವೇರ್ ತಾನೇ ಅಕ್ಷರ ದಪ್ಪ ಮಾಡುವ ಗುಂಡಿ) ಮುಟ್ಟಲೇಬೇಡಿ, ಅಕ್ಷರದ ಸುರುಳಿಗಳೆಲ್ಲ ತುಂಬಿಹೋಗುತ್ತವೆ.

ಫಾಂಟ್ ವಿಷಯಕ್ಕೆ ಬಂದರೆ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುವವೇ ಸಾಕು. ಅನೇಕ್ ಕನ್ನಡ ನನ್ನ ಮೊದಲ ಆಯ್ಕೆ, ತೆಳುವಿನಿಂದ ದಪ್ಪದವರೆಗೆ, ಸಪೂರದಿಂದ ಅಗಲದವರೆಗೆ ಎಲ್ಲ ಬಗೆ ಇದೆ, ಉದ್ದ ಹೆಸರಿಗೆ ಸಪೂರದ್ದು ಹಾಕಿದರೆ ಜಾಗ ಉಳಿಯುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೆ ಬಲೂ ತಮ್ಮ 2. ಆಮಂತ್ರಣಕ್ಕೆ ತಿರೋ ಕನ್ನಡ ಗಂಭೀರವಾಗಿ ಕಾಣುತ್ತದೆ. ಏನೂ ತೋಚದಿದ್ದರೆ ನೋಟೋ ಸ್ಯಾನ್ಸ್ ಕನ್ನಡ. ಫ್ಲೆಕ್ಸ್ ಅಂಗಡಿ, ಪ್ರೆಸ್ಸಿನ ಕಡೆಯಿಂದ ಬಂದವರು ಇನ್ನೂ ನುಡಿ, ಶ್ರೀಲಿಪಿಯ ಹಳೆಯ ಫಾಂಟ್‌ಗಳನ್ನೇ ಆಫ್ಟರ್ ಎಫೆಕ್ಟ್ಸ್‌ನಲ್ಲೂ ಬಳಸುತ್ತಾರೆ. ಅದಕ್ಕೆ ಕಾರಣವೂ ಇದೆ. ಆ ಫಾಂಟ್‌ಗಳು ಒಳಗಡೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ಚೂರುಗಳನ್ನು ಇಟ್ಟಿರುತ್ತವೆ, ಹಾಗಾಗಿ ಯೂನಿಕೋಡ್ (ಈಗ ಮೊಬೈಲ್, ಕಂಪ್ಯೂಟರ್ ಎಲ್ಲ ಬಳಸುವ ಅಕ್ಷರ ಪದ್ಧತಿ) ಒತ್ತಕ್ಷರ ಕೂಡದಿದ್ದ ಹಳೆಯ ಆವೃತ್ತಿಗಳಲ್ಲೂ ಸರಿಯಾಗಿ ಕಾಣುತ್ತಿದ್ದವು. ಇವತ್ತಿಗೂ ಕೆಲಸ ನಡೆಯುತ್ತದೆ. ಆದರೆ ಮದುವೆ ಮನೆಯವರು ಕಳಿಸಿದ ಯೂನಿಕೋಡ್ ಪಠ್ಯವನ್ನು ಮೊದಲು ಕನ್ವರ್ಟ್ ಮಾಡಬೇಕು, ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಟೋಪಿ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಹೊಸದಾಗಿ ಶುರು ಮಾಡುವವರು ಯೂನಿಕೋಡ್‌ನಲ್ಲೇ ಶುರು ಮಾಡಿ.

ಇನ್ನು ಪೂರ್ತಿ ಪ್ರಾಜೆಕ್ಟ್ ಫೈಲಿನ ಟೆಂಪ್ಲೇಟ್. ಮದುವೆ ಆಮಂತ್ರಣಕ್ಕೆ ಇದೇ ಬೇಕು, ಮೋಗರ್ಟ್ ಸಾಲುವುದಿಲ್ಲ. ಯಾಕೆ? ಹೊರದೇಶದ ಟೆಂಪ್ಲೇಟಿನಲ್ಲಿ ಎರಡು ಹೆಸರು, ಒಂದು ತಾರೀಕು, ಒಂದು ಜಾಗ, ಮುಗಿಯಿತು. ನಮ್ಮದು ಕುಲದೇವರ ಪ್ರಸನ್ನದಿಂದ ಶುರುವಾಗಿ, ಆಹ್ವಾನಿಸುವವರು, ಚಿ. ರಾ., ಚಿ. ಕುಂ. ಸೌ., ಅಜ್ಜ ಅಜ್ಜಿ, ತಂದೆ ತಾಯಿ, ಲಗ್ನ, ಮುಹೂರ್ತದ ಗಂಟೆ ನಿಮಿಷ, ಹಿಂದಿನ ದಿನದ ಆರತಕ್ಷತೆ, ಕಲ್ಯಾಣ ಮಂಟಪ, ಅದರ ಹತ್ತಿರದ ಬಸ್ ಸ್ಟಾಪು, ಕೊನೆಗೆ "ಉಡುಗೊರೆಗಳಿಗಿಂತ ಆಶೀರ್ವಾದವೇ ಮುಖ್ಯ". ಹಾಗಾಗಿ ದೃಶ್ಯ ಸೇರಿಸಲೇಬೇಕು.

ಫೈಲ್ ತೆರೆದರೆ ಎಡಗಡೆ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಫೋಲ್ಡರ್‌ಗಳ ಸಾಲು. ಕಾಂಪ್ ಅಂದರೆ ಲೇಯರ್ ಜೋಡಿಸಿ ಮಾಡಿದ ಒಂದು ದೃಶ್ಯ. ಒಳ್ಳೆಯ ಟೆಂಪ್ಲೇಟ್ ಆದರೆ ತಿದ್ದುವ ಕಾಂಪ್‌ಗಳು ಒಂದು ಫೋಲ್ಡರ್‌ನಲ್ಲಿ, ಕೈ ಹಾಕಬಾರದ್ದು ಇನ್ನೊಂದರಲ್ಲಿ, ಫೈನಲ್ ಕಾಂಪ್ ಎಲ್ಲಕ್ಕಿಂತ ಮೇಲೆ. ಬಣ್ಣಗಳೆಲ್ಲ ಒಂದೇ ಕಂಟ್ರೋಲ್ ಲೇಯರ್‌ನಲ್ಲಿ ಇರುತ್ತವೆ, ಅದನ್ನು ಅಳಿಸಬೇಡಿ, ಏನೂ ಕಾಣುವುದಿಲ್ಲ ಅಂತ ತೆಗೆದರೆ ಇಡೀ ಪ್ರಾಜೆಕ್ಟಿನ ಎಕ್ಸ್‌ಪ್ರೆಶನ್‌ಗಳು ಮುರಿದು ಬೀಳುತ್ತವೆ. ಫೋಟೋ ಹಾಕುವುದು ಸುಲಭ, ಅದಕ್ಕೆಂದೇ ಜಾಗ ಬಿಟ್ಟಿರುವ ಪ್ಲೇಸ್‌ಹೋಲ್ಡರ್ ಕಾಂಪ್ ಮೇಲೆ ಡಬಲ್ ಕ್ಲಿಕ್, ಫೋಟೋ ಎಳೆದು ಬಿಡಿ. ಸೈಜು ಹೊಂದಿಸಲು ಕಂಟ್ರೋಲ್ ಆಲ್ಟ್ ಎಫ್ ಒತ್ತಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಅದು ಫೋಟೋವನ್ನು ನಾಲ್ಕೂ ಕಡೆ ಎಳೆದು ತುಂಬಿಸುತ್ತದೆ, ಮೊಬೈಲಿನಲ್ಲಿ ಉದ್ದಕ್ಕೆ ತೆಗೆದ ಮದುಮಗಳ ಫೋಟೋ ಅಗಲ ಚೌಕಟ್ಟಿಗೆ ಹಾಕಿದರೆ ಮುಖ ಕುಂಬಳಕಾಯಿ ಆಗುತ್ತದೆ. ಅದರ ಜೊತೆ ಶಿಫ್ಟ್ ಸೇರಿಸಿ ಎಫ್ ಬದಲು ಎಚ್ ಒತ್ತಿದರೆ ಅಗಲಕ್ಕೆ, ಜಿ ಒತ್ತಿದರೆ ಎತ್ತರಕ್ಕೆ, ಅಳತೆ ಕೆಡದೆ ಹೊಂದುತ್ತದೆ.

ದೃಶ್ಯ ಸೇರಿಸುವಾಗ ಹೊಸಬರು ಎಲ್ಲರೂ ಸಿಕ್ಕಿಬೀಳುವ ಜಾಗ ಒಂದಿದೆ. ಫೈನಲ್ ಕಾಂಪ್‌ನಲ್ಲಿ ಒಂದು ದೃಶ್ಯದ ಲೇಯರ್ ಹಿಡಿದು ಕಂಟ್ರೋಲ್ ಡಿ ಒತ್ತಿ ಇನ್ನೊಂದು ಪ್ರತಿ ಮಾಡುತ್ತೀರಿ, ಅದರೊಳಗೆ ಹೋಗಿ "ಆರತಕ್ಷತೆ" ಅಂತ ಬರೆಯುತ್ತೀರಿ, ಹೊರಗೆ ಬಂದು ನೋಡಿದರೆ ಮೊದಲಿನ "ಮುಹೂರ್ತ"ವೂ ಆರತಕ್ಷತೆ ಆಗಿರುತ್ತದೆ! ಎರಡೂ ಲೇಯರ್ ತೋರಿಸುತ್ತಿರುವುದು ಒಂದೇ ಕಾಂಪನ್ನು. ಪ್ರತಿ ಮಾಡಬೇಕಾದ್ದು ಟೈಮ್‌ಲೈನ್‌ನಲ್ಲಿ ಅಲ್ಲ, ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ. ಅಲ್ಲಿ ಕಾಂಪ್ ಆರಿಸಿ ಕಂಟ್ರೋಲ್ ಡಿ ಒತ್ತಿ, ಹೊಸ ಕಾಂಪ್ ಬರುತ್ತದೆ. ಆಮೇಲೆ ಟೈಮ್‌ಲೈನ್‌ನಲ್ಲಿ ಬೇಕಾದ ಲೇಯರ್ ಆರಿಸಿಟ್ಟು, ಆಲ್ಟ್ ಒತ್ತಿ ಹಿಡಿದು ಹೊಸ ಕಾಂಪನ್ನು ಅದರ ಮೇಲೆ ಬಿಟ್ಟರೆ ಚಲನೆ ಎಲ್ಲ ಉಳಿದು ಒಳಗಿನದು ಮಾತ್ರ ಬದಲಾಗುತ್ತದೆ. ಒಳಗೊಳಗೆ ಮೂರು ಪದರ ಪ್ರೀಕಾಂಪ್ ಇದ್ದರೆ ಮೂರನ್ನೂ ಹೀಗೇ ಪ್ರತಿ ಮಾಡಬೇಕು. ಬೇಜಾರಿನ ಕೆಲಸ, ನಿಜ.

ಪ್ಲಗಿನ್ (ಆಫ್ಟರ್ ಎಫೆಕ್ಟ್ಸ್‌ಗೆ ಹೊರಗಿನಿಂದ ಸೇರಿಸುವ ಸಾಫ್ಟ್‌ವೇರ್) ವಿಷಯದಲ್ಲಿ ಕಣ್ಣು ಬಿಟ್ಟು ಓದಿ. ಎಲಿಮೆಂಟ್ 3ಡಿ, ಟ್ರ್ಯಾಪ್‌ಕೋಡ್ ಪರ್ಟಿಕ್ಯುಲರ್, ಆಪ್ಟಿಕಲ್ ಫ್ಲೇರ್ಸ್ ಇವೆಲ್ಲ ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳಬೇಕಾದವು. ಅವಿಲ್ಲದೆ ತೆರೆದರೆ ಎಫೆಕ್ಟ್ ಕಾಣೆಯಾಗಿದೆ ಅಂತ ಪಟ್ಟಿ ಬರುತ್ತದೆ, ಜಾಹೀರಾತಿನಲ್ಲಿ ಉದುರುತ್ತಿದ್ದ ಬಂಗಾರದ ಪುಡಿ ನಿಮ್ಮ ಪರದೆಯಲ್ಲಿ ಇರುವುದಿಲ್ಲ. ನನಗೂ ಒಂದು ಅಗ್ಗದ ಕಟ್ಟು ಹೀಗೇ ಬಂತು, ಪ್ಲಗಿನ್ ಬೇಕು ಅನ್ನುವ ಸಾಲು ಸಹಾಯದ ಪಿಡಿಎಫ್‌ನ ಕೊನೆಯ ಪುಟದಲ್ಲಿತ್ತು, ಮಾರಾಟದ ಪುಟದಲ್ಲಿ ಇರಲೇ ಇಲ್ಲ. ದುಡ್ಡು ವಾಪಸ್ ಬರಲಿಲ್ಲ. ಆವೃತ್ತಿಯನ್ನೂ ನೋಡಿ. ಹಳೆಯ ಫೈಲ್ ಹೊಸ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತದೆ, ಹೊಸ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ. 2012ರ ಸಿಎಸ್6 ಆವೃತ್ತಿ ಇಟ್ಟುಕೊಂಡು ಕೂತಿರುವ ಅಂಗಡಿಗಳು ಇನ್ನೂ ಇವೆ, ಅವರಿಗೆ ಇಂದಿನ ಟೆಂಪ್ಲೇಟ್ ಸುಮ್ನೆ ಖರ್ಚು. ತೀರಾ ಹಳೆಯ ಟೆಂಪ್ಲೇಟ್ ಹೊಸದರಲ್ಲಿ ತೆರೆದಾಗ ಕೆಳಗೆ ಎಕ್ಸ್‌ಪ್ರೆಶನ್ ದೋಷದ ಪಟ್ಟಿ ಬಂದರೆ ಫೈಲ್ ಮೆನುವಿನ ಪ್ರಾಜೆಕ್ಟ್ ಸೆಟಿಂಗ್ಸ್‌ನಲ್ಲಿ ಎಕ್ಸ್‌ಪ್ರೆಶನ್ಸ್ ಅಂತ ಇದೆ, ಅಲ್ಲಿ ಜಾವಾಸ್ಕ್ರಿಪ್ಟ್ ಬದಲು ಲೆಗಸಿ ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ಆರಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಕಂಪ್ಯೂಟರ್ ಬಗ್ಗೆ ಚಿಕ್ಕದಾಗಿ. 16 ಜಿಬಿ ರ‍್ಯಾಮ್ ಕನಿಷ್ಠ ಅಂತ ಅಡೋಬಿಯೇ ಹೇಳುತ್ತದೆ, 32 ಇದ್ದರೆ ಮನಸ್ಸು ಶಾಂತ. ಕಮ್ಮಿ ಇದ್ದರೆ ಪ್ರಿವ್ಯೂ ಸ್ಪಷ್ಟತೆಯನ್ನು ಕ್ವಾರ್ಟರ್‌ಗೆ ಇಳಿಸಿ ಕೆಲಸ ಮಾಡಿ, ಮೇಲಿನ ಹಸಿರು ಗೆರೆ ತುಂಬುವವರೆಗೆ ಕಾಯಿರಿ. ವಾಟ್ಸಾಪ್ ಸ್ಟೇಟಸ್‌ಗೆ ಬೇಕಾದ್ದು ಉದ್ದದ ವಿಡಿಯೋ, 1080 ಅಗಲ 1920 ಎತ್ತರ. ಅಡ್ಡದ ಟೆಂಪ್ಲೇಟ್ ಕೊಂಡು ಕಾಂಪ್ ಸೆಟಿಂಗ್ಸ್‌ನಲ್ಲಿ ಅಂಕಿ ತಿರುಗಿಸಿದರೆ ಒಳಗಿನ ವಸ್ತುಗಳು ತಾವಾಗಿ ಜಾಗ ಬದಲಿಸುವುದಿಲ್ಲ, ಎರಡೂ ಅಳತೆ ಇರುವುದನ್ನೇ ಕೊಳ್ಳಿ. ರೆಂಡರ್, ಅಂದರೆ ಕೊನೆಯ ವಿಡಿಯೋ ಫೈಲ್ ಹೊರತೆಗೆಯುವುದು, ಈಗ ಸಲೀಸು. 2022ರ ಕೊನೆಗೆ ಬಂದ ಆವೃತ್ತಿಯಿಂದ ರೆಂಡರ್ ಕ್ಯೂನಲ್ಲೇ ನೇರವಾಗಿ ಎಚ್.264 (ಮೊಬೈಲಿನಲ್ಲಿ ಓಡುವ ವಿಡಿಯೋ ಬಗೆ) ಸಿಗುತ್ತದೆ, ಅದಕ್ಕೆ ಮುಂಚೆ ಅಡೋಬಿಯ ಇನ್ನೊಂದು ಸಾಫ್ಟ್‌ವೇರ್ ಆದ ಮೀಡಿಯಾ ಎನ್‌ಕೋಡರ್‌ಗೆ ಕಳಿಸಬೇಕಿತ್ತು. ಜಾಹೀರಾತಿನಲ್ಲಿ ಕೇಳಿದ ಸಂಗೀತ ಫೈಲಿನ ಜೊತೆ ಬರುತ್ತದೆ ಅಂತ ಅಂದುಕೊಳ್ಳಬೇಡಿ.

ಬೇರೆ ಆಯ್ಕೆ ಇಲ್ಲವಾ? ಇದೆ. ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯಲ್ಲೇ ಫ್ಯೂಷನ್ ಟೈಟಲ್‌ಗಳು ಇವೆ, ಇನ್‌ಸ್ಪೆಕ್ಟರ್‌ನಲ್ಲಿ ಮೋಗರ್ಟ್ ಥರವೇ ತಿದ್ದಬಹುದು. ದುಡ್ಡಿನ ಆವೃತ್ತಿಗೂ 295 ಡಾಲರ್ ಒಂದೇ ಸಲ, ತಿಂಗಳ ಬಾಡಿಗೆ ಕಟ್ಟಲೇಬೇಕು ಅಂತಿಲ್ಲ. ಆದರೆ ಮಾರುಕಟ್ಟೆಯಲ್ಲಿ ಆಫ್ಟರ್ ಎಫೆಕ್ಟ್ಸ್‌ಗೆ ಸಿಗುವಷ್ಟು ಟೆಂಪ್ಲೇಟ್ ಅದಕ್ಕೆ ಸಿಗುವುದಿಲ್ಲ. ವರ್ಷಕ್ಕೆ ಒಂದೆರಡು ಹುಟ್ಟುಹಬ್ಬದ ವಿಡಿಯೋ ಮಾಡುವವರಿಗೆ ಕ್ಯಾನ್ವಾ ಅನ್ನುವ ಆನ್‌ಲೈನ್ ಡಿಸೈನ್ ಆ್ಯಪ್ ಧಾರಾಳ ಸಾಕು, ಇಷ್ಟೆಲ್ಲ ಓದುವ ಕಷ್ಟವೂ ಬೇಡ.

ನಂಬರ್ ಕೊಡಿ ಅಂದರೆ, ಮೋಗರ್ಟ್‌ಗೆ ಒಟ್ಟಾರೆ ಐದಕ್ಕೆ ಮೂರು. ಫಾಂಟ್ ಬದಲಿಸಲು ಬಿಟ್ಟಿದ್ದರೆ ನಾಲ್ಕು, ಬಿಡದಿದ್ದರೆ ಒಂದೂ ಇಲ್ಲ. ಪೂರ್ತಿ ಪ್ರಾಜೆಕ್ಟ್ ಫೈಲಿಗೆ ನಾಲ್ಕು, ಆದರೆ ಮೊದಲ ವಾರ ತಲೆ ಕೆರೆದುಕೊಳ್ಳಲು ತಯಾರಿರುವವರಿಗೆ. ತಿಂಗಳಿಗೆ ನಾಲ್ಕಾರು ಕೆಲಸ ಬರುವವರು ಚಂದಾ ಕಟ್ಟಬಹುದು, ಅದಕ್ಕಿಂತ ಕಡಿಮೆ ಇದ್ದರೆ ಗಿಟ್ಟುವುದಿಲ್ಲ. ಅಡೋಬಿ ಏಳು ದಿನದ ಟ್ರಯಲ್ ಕೊಡುತ್ತದೆ. ಮದುವೆ ಇಲ್ಲದ ಆಷಾಢದಲ್ಲಿ ಅದನ್ನು ಹಾಕಿಕೊಳ್ಳಿ, ಪ್ರೀಮಿಯರ್ ಜೊತೆ ಬರುವ ಪುಕ್ಕಟೆ ಟೆಂಪ್ಲೇಟ್‌ಗಳಲ್ಲೇ ನಿಮ್ಮ ಊರಿನ ಅತಿ ಉದ್ದದ, ಅತಿ ಹೆಚ್ಚು ಒತ್ತಿರುವ ಹೆಸರು ಹಾಕಿ ನೋಡಿ. ಬೇಡ ಅನಿಸಿದರೆ ಏಳನೇ ದಿನಕ್ಕೆ ಮುಂಚೆ ರದ್ದು ಮಾಡಿ, ಇಲ್ಲವಾದರೆ ಕಾರ್ಡಿನಿಂದ ದುಡ್ಡು ಕಟ್ ಆಗುತ್ತದೆ. ಮತ್ತೆ, ತಿಂಗಳ ಕಂತಿನ ವಾರ್ಷಿಕ ಪ್ಲಾನ್ ನೋಡಲು ಅಗ್ಗ ಕಾಣುತ್ತದೆ, ನಡುವೆ ಬಿಟ್ಟರೆ ಶುಲ್ಕ ಹಾಕುತ್ತಾರೆ. ಬರೀ ತಿಂಗಳ ಪ್ಲಾನ್ ಬೇರೆ ಇದೆ, ದರ ಜಾಸ್ತಿ, ಆದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಸೀಸನ್‌ನಲ್ಲಿ ಮಾತ್ರ ಕೆಲಸ ಇರುವವರಿಗೆ ಅದೇ ವಾಸಿ.